ಒಂದೇ ಸಲ ಕೇಳಿದ ಮನುಷ್ಯ ಮತ್ತು ಎರಡು ಹಳ್ಳ

ರೋಣದ ಬಸ್‌ಸ್ಟ್ಯಾಂಡ್

ನಮ್ಮ ಮಲ್ಲಪ್ಪ ಕಾಕಾನ ನ್ಯೂಜಿಲೆಂಡ್ ಪ್ರವಾಸದ ಬಗ್ಗೆ ರೋಣದಿಂದ ಹೊಳೆಆಲೂರಿನವರೆಗೆ ಒಂದೇ ಕಥೆ ಓಡಾಡುತ್ತಿದೆ. ಅಲ್ಲಿಯ ಬಿಳಿಯ ಮುದುಕನೊಬ್ಬ ಕಾಕಾನನ್ನು ಮೀನು ಹಿಡಿಯಲು ಕರೆದುಕೊಂಡು ಹೋದ, ಅರ್ಧ ದಿನ ಹಳ್ಳದ ದಂಡೆಯಲ್ಲಿ ಕೂರಿಸಿದ, ಗಾಳ ಮಾತ್ರ ಕೈಗೆ ಕೊಡಲಿಲ್ಲ. "ಕರದು ಒಯ್ದು ಕೈಯಾಗ ಗಾಳ ಕೊಡಲಿಲ್ಲಂದ್ರ ಅಂವ ಎಂಥಾ ಮನಶಾರಿ," ಎಂದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬರು ನನ್ನನ್ನೇ ಕೇಳಿದರು. ಆ ದಿನ ನಾನೂ ಅಲ್ಲಿದ್ದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಆ ಕಥೆಯಲ್ಲಿ ಸುಳ್ಳು ವಾಕ್ಯ ಒಂದೂ ಇಲ್ಲ. ಆದರೂ ಕಥೆ ಸುಳ್ಳು. ಕಾಲೇಜಿನಲ್ಲಿ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು ನಾನು. ಎದುರಾಳಿ ಸುಳ್ಳು ಹೇಳಿದರೆ ಕೆಡವುವುದು ಸುಲಭ. ನಿಜಗಳನ್ನು ಮಾತ್ರ ಆರಿಸಿ ಜೋಡಿಸಿ ತಪ್ಪು ತೀರ್ಮಾನಕ್ಕೆ ಕರೆದುಕೊಂಡು ಹೋಗುವವನು ಅಪಾಯದ ಆಸಾಮಿ. ಬ್ರೂಸ್ ಎಂಬ ಆ ಮುದುಕ ಇಲ್ಲಿಗೆ ಬಂದು ತನ್ನ ಮಾತು ಹೇಳಲಾರ. ಆದ್ದರಿಂದ ಅವನ ವಕಾಲತ್ತು ನನ್ನದು.

ಮೊದಲು ಕಾಕಾನ ಪರಿಚಯ. ಮಲ್ಲಪ್ಪ ನನ್ನ ಅಪ್ಪನ ತಮ್ಮ. ಹೊಳೆಆಲೂರಿನವನು. ವರ್ಷದಲ್ಲಿ ಅರ್ಧ ಕಾಲ ಬೇರೆಯವರ ಹೊಲದಲ್ಲಿ ಕೂಲಿ, ಇನ್ನರ್ಧ ಕಾಲ ಮಲಪ್ರಭೆಯಲ್ಲಿ ಬಲೆ ಮತ್ತು ಗಾಳ. ಅವನ ಮಗಳು ಸವಿತಾ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಂದು ಸಣ್ಣ ಊರಿನಲ್ಲಿ, ವಯಸ್ಸಾದವರ ಆರೈಕೆ ಮಾಡುವ ಮನೆಯಲ್ಲಿ ಕೆಲಸಕ್ಕಿದ್ದಾಳೆ. ಅಪ್ಪನನ್ನು ಮೂರು ವಾರಕ್ಕೆ ಕರೆಸಿಕೊಂಡಳು. "ಇಂಗ್ಲಿಷ್ ಬರೂ ಒಬ್ರು ಸಂಗಾಟ ಇದ್ರ ಬರ್ತೀನಿ, ಇಲ್ಲಾಂದ್ರ ಇಲ್ಲ," ಎಂದು ಅವನು ಹಟ ಹಿಡಿದ. ವಕೀಲಿ ಓದುತ್ತ, ಪರೀಕ್ಷೆ ಮುಗಿಸಿ ಮನೆಯಲ್ಲಿ ಎಲ್ಲರ ತಲೆ ತಿನ್ನುತ್ತಿದ್ದ ನನ್ನನ್ನು ಜೊತೆಗೆ ಕಳಿಸಿದರು. ಹೀಗೆ ಇಲ್ಲಿ ಕಡಲೆ ಕೀಳುವ ಹೊತ್ತಿಗೆ ನಾವು ಅಲ್ಲಿಯ ಬೇಸಿಗೆಯಲ್ಲಿ ಇಳಿದೆವು.

ವಿಮಾನ ನಿಲ್ದಾಣ

ಆ ದೇಶದಲ್ಲಿ ಮನುಷ್ಯರಿಗಿಂತ ಮಣ್ಣಿನ ತಪಾಸಣೆ ಹೆಚ್ಚು. ಅಧಿಕಾರಿಣಿಯೊಬ್ಬಳು ನಮ್ಮ ಚೀಲ ಬಿಚ್ಚಿದಳು. ಕಟಕ್ ರೊಟ್ಟಿ ಪಾಸಾಯಿತು. ಶೇಂಗಾ ಚಟ್ನಿಯನ್ನು ಮೂಸಿ ನೋಡಿ, ಒಂದು ಸಲ ಸೀನಿ, ಅದನ್ನೂ ಬಿಟ್ಟಳು. ತಳದಲ್ಲಿ ಕಾಕಾನ ಲುಂಗಿಯೊಳಗೆ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ ಸಿಕ್ಕಿತು. ಅದಕ್ಕೆ ಸುತ್ತಿದ ನೈಲಾನ್ ದಾರ, ಸೀಸದ ಗುಂಡು, ಮೂರು ಕೊಕ್ಕೆ. ಎಲ್ಲದರ ಮೇಲೆ ಒಣಗಿದ ಕರಿ ಮಣ್ಣು.

"ಇದನ್ನು ನದಿಯಲ್ಲಿ ಬಳಸಿದ್ದೀರಾ?" ಎಂದಳು. ನಾನು ಕನ್ನಡಕ್ಕೆ ತಂದೆ.

"ನಲವತ್ತ ವರ್ಷ ಆತು," ಎಂದ ಕಾಕಾ, ಎದೆಯುಬ್ಬಿಸಿ.

ಅವಳು ಕೈಗವಸು ತೊಟ್ಟು ಬಾಟಲಿಯನ್ನು ಒಳಗೆ ಒಯ್ದಳು. ಕೇಸು ಬಿತ್ತೆಂದೇ ನಾನು ಲೆಕ್ಕ ಹಾಕಿ, ವಾದಕ್ಕೆ ಅಂಶಗಳನ್ನು ಜೋಡಿಸಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅವಳು ತಿರುಗಿ ಬಂದಳು. ಗಾಳವನ್ನು ತೊಳೆದು, ಒರೆಸಿ, ಚೀಲದಲ್ಲಿ ಹಾಕಿ, ಚೀಟಿ ಅಂಟಿಸಿ ತಂದಿದ್ದಳು. ನನ್ನ ವಾದವೆಲ್ಲ ದಂಡ. ಕಾಕಾ ಮೂಸಿ ನೋಡಿದ.

"ಸಾಬೂನ ವಾಸನಿ. ಇನ್ನ ಇದಕ್ಕ ಯಾವ ಮೀನ ಬಾಯಿ ಹಾಕ್ತೈತಿ?"

ತನ್ನ ಗಾಳವನ್ನು ಲುಂಗಿಯಲ್ಲಿ ಸುತ್ತಿ ಸಮುದ್ರ ದಾಟಿಸಿದ ಮನುಷ್ಯನಿಗೆ ಏನು ಬೇಕಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಸಾಕ್ಷಿ ಮೊದಲ ದಿನದಿಂದಲೇ ನನ್ನ ಕಣ್ಣೆದುರಿಗಿತ್ತು.

ಸವಿತಾಳ ಬೀದಿಯ ಸೇತುವೆ

ಸವಿತಾಳ ಬೀದಿ ಮುಗಿಯುವಲ್ಲಿ ಒಂದು ಸಣ್ಣ ಸೇತುವೆ. ದಿನಾ ಬೆಳಿಗ್ಗೆ ಚಹಾ ಕುಡಿದು ಕಾಕಾ ಅಲ್ಲಿಗೆ ಹೋಗಿ ಕಟಾಂಜನಕ್ಕೆ ಎದೆ ಆನಿಸಿ ನಿಲ್ಲುತ್ತಿದ್ದ. ಕೆಳಗೆ ಟ್ರೌಟ್ ಮೀನು. ಮೈಮೇಲೆ ಕಂದು ಚುಕ್ಕೆ, ತಲೆ ನೀರು ಬರುವ ಕಡೆಗೆ, ಬಾಲ ಮಾತ್ರ ಅಲುಗುತ್ತ ಇದ್ದಲ್ಲೇ ಇರುತ್ತಿತ್ತು.

"ನಮ್ಮ ಹೊಳ್ಯಾಗಿನ ಮೀನ ಊರ ತುಂಬ ತಿರಗತೈತಿ. ಇದು ನೋಡು, ಸರಕಾರಿ ನೌಕರಿ ಸಿಕ್ಕಂಗ ಒಂದ ಜಾಗಾದಾಗ ನಿಂತೈತಿ," ಎಂದ.

ಅಂಗಡಿಯಲ್ಲಿ ಈ ಮೀನು ಸಿಗುವುದಿಲ್ಲ ಎಂದು ಸವಿತಾ ಹೇಳಿದಾಗ ನಾನು ನಂಬಲಿಲ್ಲ. ಹುಡುಕಿ ಓದಿದೆ. ಖರೇ. ಟ್ರೌಟನ್ನು ಅಲ್ಲಿ ಮಾರುವಂತಿಲ್ಲ. ತಿನ್ನಬೇಕೆಂದರೆ ಹಿಡಿಯಬೇಕು, ಇಲ್ಲವೆ ಹಿಡಿದವರು ಕೊಡಬೇಕು. ಕಾಕಾನಿಗೆ ಈ ಕಾಯ್ದೆ ಬಹಳ ಹಿಡಿಸಿತು. ತಿನ್ನುವ ಆಸೆ ಅವನಿಗೆ ಅಷ್ಟಿರಲಿಲ್ಲ. ಎರಡನೆಯ ವಾರ, ಆ ಸೇತುವೆಯ ಮೇಲೆ ನಿಂತೇ ಹೇಳಿದ: "ಇಷ್ಟ ಸೆಳವಿನ್ಯಾಗ ನಿಂತಿರೂ ಮೀನ ಅಂದ್ರ ಅದರ ಜಗ್ಗ ಹ್ಯಾಂಗ ಇರಬೇಕ ಲೆಕ್ಕ ಹಾಕು. ಒಂದ ಸಲ ಕೈಗೆ ಹತ್ತಿಸಿ ನೋಡಬೇಕವ್ವ."

ಅವನಿಗೆ ಬೇಕಾದದ್ದು ಇಷ್ಟೇ, ಬೆರಳಿಗೆ ಆ ಮೀನಿನ ಒಂದು ಎಳೆತ.

ಸವಿತಾಳ ಅಡುಗೆಮನೆ

ನಾವು ಮರಳಿ ಹೊರಡಲು ಎರಡು ದಿನ ಇದ್ದಾಗ ಬ್ರೂಸ್ ಬಂದ. ಎಪ್ಪತ್ತು ದಾಟಿದ, ಕುರಿ ಸಾಕಿ ಬದುಕಿದ ಮನುಷ್ಯ. ಅವನ ಹೆಂಡತಿ ಸವಿತಾ ಕೆಲಸ ಮಾಡುವ ಮನೆಯಲ್ಲಿದ್ದಾಳೆ. ತನ್ನ ಹೆಂಡತಿಗೆ ಉಣಿಸುವ ಹುಡುಗಿಯ ಅಪ್ಪನನ್ನು ನೋಡಿ ಹೋಗೋಣ ಎಂದು ಬಂದಿದ್ದ. ಸವಿತಾ ರಾತ್ರಿಪಾಳಿಗೆ ಹೊರಟುಹೋಗಿದ್ದಳು. ಒಂದು ಬಕೆಟ್ ತುಂಬ ತನ್ನ ಹಿತ್ತಲಿನ ಪ್ಲಮ್ ಹಣ್ಣು ತಂದಿದ್ದ. ಬಾಗಿಲಲ್ಲೇ ಬೂಟು ಕಳಚಿ, ತೂತು ಬಿದ್ದ ಉಣ್ಣೆಯ ಕಾಲುಚೀಲದಲ್ಲಿ ಒಳಗೆ ಬಂದ. ಕಾಕಾ ನನ್ನ ಕಡೆ ನೋಡಿ ತಲೆಯಾಡಿಸಿದ. ಮನುಷ್ಯ ಪಾಸಾದ ಎಂದರ್ಥ.

ಬ್ರೂಸ್ ಸುತ್ತು ಬಳಸಿ ಮಾತಾಡುವವನಲ್ಲ. ನಾಳೆ ಬೆಳಿಗ್ಗೆ ಟ್ರೌಟ್ ಹಿಡಿಯಲು ಹೋಗುತ್ತೇನೆ, ಇಬ್ಬರೂ ಬನ್ನಿ ಎಂದ. ಆಮೇಲೆ ನನ್ನನ್ನು ಕೇಳಿದ: "ನಿಮ್ಮ ಕಾಕಾ ಗಾಳ ಹಾಕುತ್ತಾರಾ?"

ನಾನು ಕೇಳಿದೆ. ಕಾಕಾನ ಮುಖದಲ್ಲಿ ದೀಪ ಹತ್ತಿತು. ಆದರೆ ಅವನು ಕೈ ಅಲ್ಲಾಡಿಸಿ, ತಲೆ ತಗ್ಗಿಸಿ, "ಏ ಬ್ಯಾಡ್ರಿ, ಬ್ಯಾಡ್ರಿ. ನೀವ ಹಿಡೀರಿ. ನಾ ದಂಡಿ ಮ್ಯಾಲ ಕುಂತ ನೋಡ್ತೀನಿ," ಎಂದ.

ಇಲ್ಲಿ ಓದುಗರಿಗೆ ವಿವರಣೆ ಬೇಕಿಲ್ಲ, ಆದರೂ ದಾಖಲೆಗಾಗಿ ಹೇಳುತ್ತೇನೆ. ನಮ್ಮಲ್ಲಿ ಮೊದಲನೆಯ 'ಬ್ಯಾಡ'ಕ್ಕೆ ಬೆಲೆ ಇಲ್ಲ. ಎರಡನೆಯದು ಮರ್ಯಾದೆಗೆ. ಮೂರನೆಯ ಸಲ ಕೇಳಿದಾಗ "ನೀವು ಅಷ್ಟ ಹೇಳತೀರಂದ್ರ..." ಎಂದು ತಾಟಿನ ಮುಂದೆ ಕೂಡುವುದು. ಏಳು ವರ್ಷದವಳಿದ್ದಾಗ ನರಗುಂದದ ಬೀಗರ ಮನೆಯಲ್ಲಿ ಹೋಳಿಗೆ ಬೇಕೇನು ಎಂದು ಕೇಳಿದ ಕೂಡಲೇ "ಹೂಂ, ಎರಡು" ಎಂದಿದ್ದೆ. ಅವ್ವ ತೊಡೆಗೆ ಚಿವುಟಿದ್ದು ಸಂಜೆಯವರೆಗೆ ಉರಿಯಿತು. ಅಂದಿನಿಂದ ಈ ಪದ್ಧತಿಗೂ ನನಗೂ ವೈರ. ಬೇಕಾದದ್ದನ್ನು ಬೇಡ ಎನ್ನುವುದು, ಎದುರಿನವರು ಅದನ್ನು ನಂಬದೆ ಇರುವುದು, ನಂಬದಿರುವುದಕ್ಕೆ ಸಭ್ಯತೆ ಎಂದು ಹೆಸರಿಡುವುದು! ಇದರ ವಿರುದ್ಧ ನಾನು ವೇದಿಕೆಯ ಮೇಲೆ ಮಾತಾಡಿ ಬಹುಮಾನ ತಂದಿದ್ದೇನೆ.

ಹಾಗಾಗಿ ಬ್ರೂಸನಿಗೆ ಇಂಗ್ಲಿಷಿನಲ್ಲಿ ಹೇಳಿದೆ: "ಬೇಡವಂತೆ. ಸುಮ್ಮನೆ ನೋಡುತ್ತಾರಂತೆ."

ಅನುವಾದದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಬ್ರೂಸ್ ಸರಿ ಎಂದು, "ನೀನು?" ಎಂದ. ನಾನು ಒಂದೇ ಸಲಕ್ಕೆ ಹೂಂ ಎಂದೆ. ಅಲ್ಲಿ ಟ್ರೌಟ್ ಹಿಡಿಯಲು ಪ್ರತಿಯೊಬ್ಬರಿಗೂ ಲೈಸೆನ್ಸ್ ಬೇಕು. ಕೂತಲ್ಲೇ ಫೋನಿನಲ್ಲಿ ನನ್ನ ಹೆಸರಿಗೆ ಒಂದು ದಿನದ ಲೈಸೆನ್ಸ್ ತೆಗೆಸಿದ. ಚಹಾ ಕುಡಿದ. ಬೂಟು ಹಾಕಿಕೊಂಡು ಹೋದ. ಅಷ್ಟು ಹೊತ್ತೂ ಕಾಕಾ ಅವನ ಮುಖವನ್ನೇ ನೋಡುತ್ತ ಕೂತಿದ್ದ.

"ಹ್ವಾದ್ರ?"

"ಹೋದ್ರು ಕಾಕಾ."

"ಮತ್ತೇನೂ ಕೇಳಲಿಲ್ಲ?"

"ಇಲ್ಲ. ಬ್ಯಾಡ ಅಂದಿಯಲ್ಲ. ಇಲ್ಲಿ ಬ್ಯಾಡ ಅಂದ್ರ ಬ್ಯಾಡ. ಬೇಕಂದ್ರ ಬೇಕನ್ನಬೇಕು." ಐದು ನಿಮಿಷ ಭಾಷಣ ಮಾಡಿದೆ. ಚಲೋ ಭಾಷಣವೇ.

"ಹೌದವ್ವ ವಕೀಲವ್ವ," ಎಂದು ಕಾಕಾ ಒಂದು ಪ್ಲಮ್ ತಿಂದು ಬೀಜವನ್ನು ಅಂಗೈಯಲ್ಲಿ ಹಿಡಿದು ಕೂತ.

ಬ್ರೂಸನ ನಂಬರು ಫ್ರಿಜ್ಜಿನ ಮೇಲೆ ಅಂಟಿಸಿತ್ತು. ಒಂದು ಫೋನು ಸಾಕಿತ್ತು. ಮಾಡಿದ್ದರೆ ನನ್ನ ವಾದ ಸೋಲುತ್ತಿತ್ತು. ಮಾಡಲಿಲ್ಲ.

ಎರಡು ಹಳ್ಳ ಕೂಡುವಲ್ಲಿ

ಬೆಳಿಗ್ಗೆ ಬ್ರೂಸ್ ಜೀಪು ನಿಲ್ಲಿಸಿದ್ದು ಎರಡು ಹಳ್ಳ ಬಂದು ಸೇರುವ ಜಾಗದಲ್ಲಿ. ಅವುಗಳ ಹೆಸರು ನಮ್ಮ ಬಾಯಲ್ಲಿ ನಿಲ್ಲದ ಕಾರಣ ಕಾಕಾ ಅಲ್ಲೇ ನಾಮಕರಣ ಮಾಡಿದ. ಎಡಗಡೆಯದು ಕಲ್ಲಹಳ್ಳ. ಬೆಟ್ಟದಿಂದ ಬರುವುದು, ಗಾಜಿನಂಥ ನೀರು, ತಳದ ಒಂದೊಂದು ಕಲ್ಲೂ ಎಣಿಸಬಹುದು. ಬಲಗಡೆಯದು ಗಿಡದಹಳ್ಳ. ಹೊಲಗಳ ನಡುವೆ ಬರುವುದು, ನೀರಿಗೆ ಚಹಾದ ಬಣ್ಣ, ದಂಡೆಗೆ ಬಾಗಿದ ಮರಗಳು, ಪಕ್ಕದಲ್ಲೇ ರಸ್ತೆ.

ಒಂದನ್ನು ಆರಿಸಬೇಕು. ಆರಿಸಿದ ಮೇಲೆ ಬದಲಿಸುವಂತಿಲ್ಲ. ಒಂದು ಹಳ್ಳದ ಪಾಚಿ ಇನ್ನೊಂದಕ್ಕೆ ಹೋಗಬಾರದೆಂದು, ಒಂದರಲ್ಲಿ ತೊಯ್ದ ಬೂಟನ್ನು ಸೋಪಿನ ನೀರಿನಲ್ಲಿ ತೊಳೆದು ಎರಡು ದಿನ ಒಣಗಿಸದೆ ಇನ್ನೊಂದಕ್ಕೆ ಇಳಿಯಬಾರದು. ಬ್ರೂಸ್ ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕಲಸಿ ಬಾಟಲಿಯಲ್ಲಿ ತಂದು, ನಮ್ಮ ಬೂಟಿಗೆಲ್ಲ ಹೊಡೆದ.

"ಹೊಳಿಗಿ ಮಡಿಲೆ ಹೋಗೂದಂದ್ರ ಇದ ನೋಡು," ಎಂದ ಕಾಕಾ. ಗಜೇಂದ್ರಗಡದ ಪೂಜಾರಿ ಕೂಡ ಇಷ್ಟು ಶಿಸ್ತಿನಿಂದ ಕಾಲು ತೊಳೆದದ್ದನ್ನು ನಾನು ಕಂಡಿಲ್ಲ.

ಬ್ರೂಸ್ ಎರಡನ್ನೂ ವಿವರಿಸಿದ. ಗಿಡದಹಳ್ಳದಲ್ಲಿ ಸಣ್ಣ ಮೀನು, ಆದರೆ ಬಹಳ. ಯಾರು ಬೇಕಾದರೂ ಕಲಿಯಬಹುದು. ಕಲ್ಲಹಳ್ಳದಲ್ಲಿ ಒಂದು ಗಂಟೆ ನಡೆಯಬೇಕು. ಮೀನು ದೊಡ್ಡವು, ಆದರೆ ಬೆಳಗಿನಿಂದ ಮಧ್ಯಾಹ್ನದೊಳಗೆ ನಾಲ್ಕೈದು ಕಂಡರೆ ಹೆಚ್ಚು. ಆಮೇಲೆ ಅತಿಥಿ ಎಂದು ಕಾಕಾನನ್ನು ಕೇಳಿದ, ಯಾವುದು?

"ನಿಮಗ ಹ್ಯಾಂಗ ಅನುಕೂಲ ಆಗ್ತೈತಿ ಹಂಗ ಮಾಡ್ರಿ," ಎಂದ ಕಾಕಾ. ಹಾಗೆಂದು ಗಿಡದಹಳ್ಳದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೀರು ನೋಡಿದ. "ಅಲ್ಲಿ ಆ ಬೇರಿನ ಬುಡಕ ಒಂದೈತಿ."

"ಕಾಣ್ಸಾಕತ್ತೈತೇನು?"

"ಇಲ್ಲ. ನೀರ ಅಲ್ಲಿ ಸ್ವಲ್ಪ ಸುಮ್ಮನಾಗೇತಿ."

"ಕಾಣಲಾರದ್ದು ಸಾಕ್ಷಿ ಅಲ್ಲ ಕಾಕಾ."

"ನಿನಗ ಅಲ್ಲ," ಎಂದ.

ನಾನು ಬ್ರೂಸನ ಕಡೆ ತಿರುಗಿ ಕಲ್ಲಹಳ್ಳದ ಪರ ವಾದ ಹೂಡಿದೆ. ಮೀನನ್ನು ಕಂಡು ಹಿಡಿಯುವುದು ಒಂದು ಕೆಲಸ, ಕಾಣದೆ ಕಾಯುವುದು ಬರೀ ನಂಬಿಕೆ. ಸಣ್ಣ ಮೀನು ನಮ್ಮ ಮಲಪ್ರಭೆಯಲ್ಲೂ ಇವೆ, ಅದಕ್ಕಾಗಿ ಯಾರೂ ಸಮುದ್ರ ದಾಟುವುದಿಲ್ಲ. ಕಾಕಾ ಹೇಗಿದ್ದರೂ ನೋಡುವವರು, ನೋಡುವವರಿಗೆ ತಿಳಿನೀರೇ ನ್ಯಾಯ. ಕೊನೆಯ ಅಂಶ ಹೇಳುವಾಗ ನನಗೆ ಬಹಳ ಸಮಾಧಾನವಾಯಿತು. ಬ್ರೂಸ್ ನಕ್ಕು, ಸೋತೆ ಎಂಬಂತೆ ಎರಡೂ ಕೈ ಎತ್ತಿದ.

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಪಾಳಿ ಮುಗಿಸಿದ ಸವಿತಾಳ ಸಂದೇಶ: "ಅಪ್ಪಗ ಮೀನ ಬಿತ್ತೇನ?" ಆಮೇಲೆ ಬರೆದರಾಯಿತೆಂದು ಜೇಬಿಗೆ ಹಾಕಿ ಕಲ್ಲಹಳ್ಳಕ್ಕೆ ಕಾಲಿಟ್ಟೆ. ಬೂಟು ತೊಯ್ಯಿತು.

ಕಲ್ಲಹಳ್ಳ

ಅವರು ಹಿಡಿಯುವ ರೀತಿಗೆ ಹುಳುವೂ ಇಲ್ಲ, ಹಿಟ್ಟೂ ಇಲ್ಲ. ಕೊಕ್ಕೆಗೆ ರೋಮ, ದಾರ ಸುತ್ತಿ ಜೀರುಂಡೆಯ ವೇಷ ಹಾಕಿಸಿ, ಅದನ್ನು ಮೀನಿನ ಮುಂದೆ ತೇಲಿಬಿಡುವುದು. "ಸುಳ್ಳ ಹುಳ ತೋರಿಸಿ ಖರೇ ಮೀನ ಹಿಡಿಯೂದು. ಇದು ನಿನ್ನ ಕಸಬಿನಂಗ ಐತಿ ನೋಡವ್ವ," ಎಂದ ಕಾಕಾ. ನನ್ನ ಮೊದಲ ಬೀಸಿಗೆ ಆ ಜೀರುಂಡೆ ಹಿಂದಕ್ಕೆ ಹಾರಿ ನನ್ನದೇ ಜಡೆಗೆ ಸಿಕ್ಕಿಕೊಂಡಿತು. ಕಾಕಾ ಎರಡು ಬೆರಳಲ್ಲಿ ಬಿಡಿಸಿದ. ಬ್ರೂಸ್ ಅದನ್ನು ನಿಂತು ನೋಡಿದ. ಕೊಕ್ಕೆ ಬಿಡಿಸಿ ಪಳಗಿದ ಬೆರಳಿನ ಗುರುತು ಅವನಿಗೆ ಸಿಕ್ಕಿರಬೇಕು.

ಮೀನು ಮೊದಲು ಕಂಡದ್ದು ಬ್ರೂಸನಿಗಲ್ಲ. ಅವನು ಬಣ್ಣದ ಕನ್ನಡಕ ಹಾಕಿ ಹುಡುಕುತ್ತಿದ್ದ. ಕಾಕಾ ಬರಿಗಣ್ಣಿನಲ್ಲಿ ಅವನ ತೋಳು ಮುಟ್ಟಿ ಬೆರಳು ತೋರಿಸಿದ. ನನಗೆ ಬರೀ ಕಲ್ಲು ಕಂಡಿತು. ಆ ಕಲ್ಲಿಗೆ ಬಾಲ ಬಂತು. ಎರಡನೆಯದನ್ನೂ ಕಾಕಾನೇ ತೋರಿಸಿದ. ಎರಡೂ ಬ್ರೂಸನ ಜೀರುಂಡೆಯನ್ನು ಮೂಸಿ ಹೋದವು. ಮೂರನೆಯದನ್ನು, ದೊಡ್ಡ ಬಂಡೆಯ ನೆರಳಿನಲ್ಲಿ ನಿಂತಿದ್ದನ್ನು, ಕಾಕಾ ತೋರಿಸಿದಾಗ ಬ್ರೂಸ್ ಬೀಸಲಿಲ್ಲ. ನೀರಿನಿಂದ ಮೇಲೆ ಬಂದು ಕಾಕಾನ ಮುಂದೆ ನಿಂತು, ತನ್ನ ಗಾಳದ ಕೋಲನ್ನು ಚಾಚಿದ.

ಕಾಕಾ ಈ ಸಲ ಬ್ಯಾಡ ಅನ್ನಲಿಲ್ಲ. ಎರಡೂ ಕೈ ಮುಂದೆ ಬಂದವು.

ಆಗ ಬ್ರೂಸನಿಗೆ ನೆನಪಾಯಿತು, ಕಾಕಾನ ಹೆಸರಿಗೆ ಲೈಸೆನ್ಸ್ ಇಲ್ಲ. ಕೋಲನ್ನು ತನ್ನ ಎದೆಗೆ ಒತ್ತಿಕೊಂಡು ಫೋನು ತೆಗೆದ. ಸಿಗ್ನಲ್ ಇಲ್ಲ. ಬಂಡೆ ಹತ್ತಿ ಫೋನು ಮೇಲೆತ್ತಿದ. ಇಲ್ಲ. ಎದುರು ದಂಡೆಯ ದಿಬ್ಬಕ್ಕೆ, ಆ ವಯಸ್ಸಿನಲ್ಲಿ ಏದುಸಿರು ಬಿಡುತ್ತ ಹತ್ತಿದ. ಅಲ್ಲೂ ಇಲ್ಲ. ಗಿಡದಹಳ್ಳದ ಪಕ್ಕದಲ್ಲಾದರೆ ಸವಿತಾಳ ಸಂದೇಶ ಬಂದಿತ್ತು. ಅಲ್ಲಿ ಎರಡು ನಿಮಿಷದಲ್ಲಿ ಲೈಸೆನ್ಸ್ ಸಿಗುತ್ತಿತ್ತು. ಇಲ್ಲಿ, ನಾನು ಗೆದ್ದು ತಂದ ಕಲ್ಲಹಳ್ಳದಲ್ಲಿ, ಗಾಜಿನಂಥ ನೀರಿತ್ತು.

ಅವನು ಇಳಿದು ಬಂದಾಗ ನಾನು ವಾದಕ್ಕೆ ನಿಂತೆ. ಇಲ್ಲಿ ಯಾರೂ ಇಲ್ಲ. ಕಾಯ್ದೆ ಇರುವುದು ಮೀನು ಉಳಿಯಲೆಂದು, ನಾವು ಹೇಗೂ ಬಿಟ್ಟುಬಿಡುತ್ತೇವೆ. ಸಂಜೆ ಹೋಗಿ ಲೈಸೆನ್ಸ್ ತೆಗೆಸಿದರೂ ಸಲ್ಲಬೇಕಾದ ಹಣ ಸಲ್ಲುತ್ತದೆ. ಬ್ರೂಸ್ ಪೂರ್ತಿ ಕೇಳಿದ. ಅವನ ಮುಖ ಕೆಂಪಾಗಿತ್ತು.

"ನೀನು ಹೇಳುವುದು ಸರಿಯಿರಬಹುದು. ಆದರೂ ನನ್ನ ಕೈಯಿಂದ ಆಗುವುದಿಲ್ಲ. ಇವರ ಹತ್ತಿರ ಕ್ಷಮೆ ಕೇಳು."

ಕಾಕಾನಿಗೆ ಹೇಳಿದೆ. ಅವನು ಚಾಚಿದ ಕೈಯನ್ನು ಅಂಗಿಗೆ ಒರೆಸಿಕೊಂಡ, ತೊಯ್ದಿರದಿದ್ದರೂ.

"ಹಂಗಾರ ಬ್ಯಾಡ. ಅವರ ಹೊಳಿ, ಅವರ ಕಾಯ್ದೆ. ಸುಮ್ಮನ ಮುದುಕನ್ನ ಯಾಕ ಕಾಡ್ತಿ? ನಿನಗ ಕಾಗದ ಐತೆಲ್ಲ, ನೀ ಹಿಡಿ. ನಾ ಹೇಳ್ತೀನಿ."

ಬ್ರೂಸ್ ನನಗೆ ಬೀಸಿ ತೋರಿಸಿದ. ಕಾಕಾ ನನ್ನ ಬೆನ್ನ ಹಿಂದೆ ಬಗ್ಗಿ ಕೂತ. ಜೀರುಂಡೆ ನಾಲ್ಕನೆಯ ಬೀಸಿಗೆ ಹೇಗೋ ಸರಿಯಾದ ಕಡೆ ಬಿತ್ತು. ಬಂಡೆಯ ನೆರಳು ಮೇಲೆ ಬಂದಂತೆ ಆ ಮೀನು ಎದ್ದು, ಬಾಯಿ ತೆರೆಯಿತು.

"ತಡಿ," ಎಂದ ಕಾಕಾ.

ನಾನು ತಡೆಯಲಿಲ್ಲ. ಎಳೆದೆ. ಜೀರುಂಡೆ ಬರಿದೇ ಹಾರಿ ಬಂತು.

"ತಡಿ ಅಂದೆ. ಮೀನ ಬಾಯಿ ಮುಚ್ಚಿ ಕೆಳಗ ತಿರಗೂತನ ಹುಳ ಅದರದಲ್ಲ. ನನ್ನ ಮಾತಿಗೂ ಸಾಕ್ಷಿ ಬೇಕೇನ?"

ಮತ್ತೊಂದು ಸಿಗಲು ಬಹಳ ಹೊತ್ತಾಯಿತು. ಅದು ಮೇಲೆ ಬಂದಾಗ ಕಾಕಾ, "ತಡಿ... ತಡಿ... ಈಗ," ಎಂದ. ನಾನು ಕಣ್ಣಿಗಿಂತ ಮೊದಲು ಅವನ ಮಾತನ್ನು ನಂಬಿದೆ. ಕೋಲು ಬಾಗಿತು.

ಆ ಎಳೆತವನ್ನು ಹೇಗೆ ಹೇಳಲಿ? ಬಾವಿಗೆ ಬಿಟ್ಟ ಕೊಡ ತುಂಬಿದಾಗ ಹಗ್ಗ ಒಮ್ಮೆಲೇ ಭಾರವಾಗುತ್ತದಲ್ಲ, ಆ ಭಾರಕ್ಕೆ ಸಿಟ್ಟು ಬಂದರೆ ಹೇಗೆ, ಹಾಗೆ. ಬೇಕಾದವನ ಕೈ ಬಿಟ್ಟು ಅದು ನನ್ನ ಕೈಗೆ ಬಂದಿತ್ತು.

"ಹ್ಯಾಂಗ ಐತಿ ಜಗ್ಗ?" ಕಾಕಾ ನನ್ನ ಕಿವಿಯ ಹತ್ತಿರ ಬಂದು ಕೇಳಿದ. "ಹೇಳವ್ವ. ಹ್ಯಾಂಗ ಐತಿ?"

ಐದು ವರ್ಷ ವೇದಿಕೆಯಲ್ಲಿ ಮಾತಿಗೆ ತಡವರಿಸದವಳು, "ಭಾಳ ಐತಿ ಕಾಕಾ," ಎಂದಷ್ಟೇ ಅಂದೆ.

ಮೀನು ದಂಡೆಗೆ ಬಂತು. ಒಣಗೈಯಲ್ಲಿ ಮುಟ್ಟಿದರೆ ಅದರ ಮೈಗೆ ಪೆಟ್ಟು, ಕೈ ತೊಯ್ಸಿಕೊಳ್ಳಲು ಹೇಳು ಎಂದು ಬ್ರೂಸ್ ಬಾಯಿ ತೆರೆಯುವಷ್ಟರಲ್ಲಿ ಕಾಕಾ ಎರಡೂ ಕೈ ನೀರಲ್ಲಿ ಅದ್ದಿ, ಹೊಟ್ಟೆಯ ಕೆಳಗೆ ಆಸರೆ ಕೊಟ್ಟು, ಅದರ ಬಾಯನ್ನು ಸೆಳವಿನ ಕಡೆ ತಿರುಗಿಸಿ ಹಿಡಿದಿದ್ದ. ಕಿವಿರು ತೆರೆದು ಮುಚ್ಚಿತು. ಕಾಕಾ ಕೈ ಸಡಿಲಿಸಿದ. ಅದು ಕೂಡಲೇ ಹೋಗಲಿಲ್ಲ. ಹೋದಾಗ ನೀರು ಕಾಕಾನ ಮುಖಕ್ಕೆ ಸಿಡಿಯಿತು. ಅವನು ಒರೆಸಿಕೊಳ್ಳಲಿಲ್ಲ.

ರಸ್ತೆಯ ಗೇಟು

ಮರುದಿನ ನಮ್ಮ ವಿಮಾನ. ಇನ್ನೊಂದು ಬೆಳಗು ಉಳಿದಿರಲಿಲ್ಲ. ಜೀಪಿನ ಹತ್ತಿರ ಬಂದಾಗ ಮಧ್ಯಾಹ್ನ. ಕಾಕಾ ಜೀಪಿನ ಹಿಂಬದಿಯ ಬಾಗಿಲಲ್ಲಿ ಕೂತು, ಎರವಲು ಬೂಟಿನ ಲಾಡಿ ಬಿಚ್ಚತೊಡಗಿದ. ಬ್ರೂಸ್ ಮತ್ತೆ ಸೋಪಿನ ಬಾಟಲಿ ತೆಗೆದು, ಮಂಡಿಯೂರಿ, ಮೊದಲು ಕಾಕಾನ ಬೂಟು ತೊಳೆದ, ಆಮೇಲೆ ನನ್ನದು.

ಕರೆದು ಒಯ್ದು ಗಾಳ ಕೊಡದ ಸಣ್ಣ ಮನುಷ್ಯ ಎಂದು ನೀವು ಹೇಳುವವನು ಇವನೇ. ಏದುಸಿರು ಬಿಡುತ್ತ ದಿಬ್ಬ ಹತ್ತಿದ್ದು ನಿಮ್ಮ ಕಥೆಯಲ್ಲಿಲ್ಲ. ಅಡುಗೆಮನೆಯಲ್ಲಿ ಕೇಳಿದ್ದೂ ಇಲ್ಲ. ಒಂದು ಸಲ ಕೇಳಿದ. ಅವನ ಊರಿನಲ್ಲಿ ಒಂದು ಸಲ ಕೇಳಿದರೆ ಕೇಳಿದಂತೆ. ಎರಡನೆಯ ಸಲ ಕೇಳಬೇಕೆಂದು ಅವನಿಗೆ ಹೇಳಬಲ್ಲವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು. ಅವನ ಪರ ನನ್ನ ವಾದ ಇಲ್ಲಿಗೆ ಮುಗಿಯಿತು. ಗೆದ್ದಿದ್ದೇನೆ ಎಂದೇ ನನ್ನ ನಂಬಿಕೆ.

ಬೂಟು ತೊಳೆದು ಮುಗಿದರೂ ಬ್ರೂಸ್ ಏಳಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸುತ್ತ, ನನ್ನ ಕಡೆ ನೋಡದೆ, ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದ: "ನಿನ್ನೆ ಸಂಜೆ ಇವರು ಬೇಡ ಅಂದರಲ್ಲ. ಅದು ನಿಜಕ್ಕೂ ಬೇಡವೇ ಆಗಿತ್ತಾ?"

ಜೇಬಿನಲ್ಲಿ ಫೋನು ಎರಡು ಸಲ ನಡುಗಿತು. ನಾನು ತೆಗೆಯಲಿಲ್ಲ. ಬ್ರೂಸ್ ಕಾದ. ಕಾಕಾ ಲಾಡಿಯಿಂದ ತಲೆಯೆತ್ತಿ ಅವನನ್ನು ನೋಡಿದ, ನನ್ನನ್ನು ನೋಡಿದ.

"ಏನ ಕೇಳಾಕತ್ತಾರವ್ವ ಅವರು?"